ಹಳೆಯ ನಕ್ಷೆಯ ಇಳಿಜಾರಿನಲ್ಲಿ ಊರಿನ ಚರಿತ್ರೆ

ಒಂದು ಪ್ರದೇಶದ ಚರಿತ್ರೆಯನ್ನು ಬರೆಯಲು ಹೊರಟವರು ಶಾಸನ, ಕೈಫಿಯತ್ತು, ಗ್ಯಾಸೆಟಿಯರ್, ಕಂದಾಯ ದಾಖಲೆ ಮತ್ತು ಹಿರಿಯರ ನೆನಪುಗಳನ್ನು ತಪ್ಪದೆ ನೋಡುತ್ತಾರಾದರೂ, ಅದೇ ಪ್ರದೇಶದ ಹಳೆಯ ಸ್ಥಳಾಕೃತಿ ನಕ್ಷೆಗಳನ್ನು ಪುಸ್ತಕದ ಕೊನೆಗೆ ಅಂಟಿಸುವ ಚಿತ್ರಗಳೆಂದಷ್ಟೇ ಬಗೆಯುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಕಚೇರಿಗಳಲ್ಲಿ ಟೋಪೋಶೀಟ್ ಎಂದೇ ಕರೆಯಲಾಗುವ ಸ್ಥಳಾಕೃತಿ ನಕ್ಷೆಯು ನೆಲದ ಏರುತಗ್ಗು, ಹಳ್ಳಕೊಳ್ಳ, ಕೆರೆಕಟ್ಟೆ, ಕಾಡು, ಸಾಗುವಳಿ, ದಾರಿ, ಊರು, ಗುಡಿ, ಬಾವಿಗಳನ್ನು ನಿಶ್ಚಿತ ಅಳತೆಯಲ್ಲಿ, ನಿಶ್ಚಿತ ಚಿಹ್ನೆಗಳಲ್ಲಿ ಒಂದೇ ಹಾಳೆಯ ಮೇಲೆ ತೋರಿಸುವ ನಕ್ಷೆಯಾಗಿದ್ದು, ಅದರಲ್ಲಿ ಎರಡು ಬಗೆಯ ಕಾಲಗಳು ಒಟ್ಟಿಗೆ ಇರುತ್ತವೆ. ದಾರಿ, ಊರು, ತೋಟಗಳು ಒಂದೆರಡು ತಲೆಮಾರುಗಳಲ್ಲಿ ಬದಲಾಗುತ್ತವೆ. ಇಳಿಜಾರು ಮಾತ್ರ ಸಾವಿರ ವರ್ಷ ಕಳೆದರೂ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಸ್ಥಳೀಯ ಚರಿತ್ರೆಯ ದೊಡ್ಡದೊಂದು ಭಾಗ, ಬಯಲುಸೀಮೆಯಲ್ಲಂತೂ, ಜನರು ಈ ಇಳಿಜಾರಿನೊಡನೆ ಹೇಗೆ ಹೊಂದಿಕೊಂಡು ಬಾಳಿದರು ಮತ್ತು ಯಾವಾಗ ಅದನ್ನು ಮರೆತರು ಎಂಬುದೇ ಆಗಿದೆ. ಹಳೆಯ ಟೋಪೋಶೀಟಿನಷ್ಟು ಸ್ಪಷ್ಟವಾಗಿ ಇದನ್ನು ಹೇಳುವ ದಾಖಲೆ ಬೇರೊಂದಿಲ್ಲ.

ಇಳಿಜಾರನ್ನು ನಕ್ಷೆಯಲ್ಲಿ ತೋರಿಸುವುದು ಕಂದುಬಣ್ಣದ ಸಮೋನ್ನತಿ ರೇಖೆಗಳಿಂದ. ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರುವ ಬಿಂದುಗಳನ್ನೆಲ್ಲ ಕೂಡಿಸುವ ಈ ರೇಖೆಗಳು ಒತ್ತೊತ್ತಾಗಿದ್ದರೆ ನೆಲ ಕಡಿದಾಗಿದೆಯೆಂದೂ ದೂರದೂರವಾಗಿದ್ದರೆ ಬಯಲೆಂದೂ ತಿಳಿಯಬೇಕು. ಅವು ಎತ್ತರದ ಕಡೆಗೆ ಮೊನೆಮಾಡಿ ಬಾಗಿದ್ದಲ್ಲಿ ಕಣಿವೆಯಿದೆ, ತಗ್ಗಿನ ಕಡೆಗೆ ಬಾಗಿದ್ದಲ್ಲಿ ದಿಣ್ಣೆಯಿದೆ. ನೀರು ನೀಲಿ, ಕಾಡು ಹಸಿರು, ಸಾಗುವಳಿ ಹಳದಿ, ಮುಖ್ಯ ರಸ್ತೆ ಮತ್ತು ಕಟ್ಟಡಗಳು ಕೆಂಪು, ಹೆಸರುಗಳು ಮತ್ತು ರೈಲುದಾರಿ ಕಪ್ಪು ಎಂಬ ಬಣ್ಣದ ಕ್ರಮವು ಭಾರತದಲ್ಲಿ ನೆಲೆಗೊಂಡದ್ದು 1905ರ ಸರ್ವೇಕ್ಷಣಾ ಸಮಿತಿಯ ಶಿಫಾರಸಿನ ನಂತರ, ಒಂದು ಮೈಲಿಗೆ ಒಂದು ಇಂಚು, ಅಂದರೆ 1:63,360 ಪ್ರಮಾಣದ ಹೊಸ ನಕ್ಷೆಗಳು ಬರತೊಡಗಿದಾಗ. ಸ್ವಾತಂತ್ರ್ಯಾನಂತರ ಮೆಟ್ರಿಕ್ ಪದ್ಧತಿ ಬಂದ ಮೇಲೆ ಅವುಗಳ ಸ್ಥಾನವನ್ನು 1:50,000 ಪ್ರಮಾಣದ ಹಾಳೆಗಳು ಪಡೆದವು, ಐವತ್ತು ಅಡಿಗೊಂದರಂತೆ ಎಳೆಯುತ್ತಿದ್ದ ಸಮೋನ್ನತಿ ರೇಖೆಗಳು ಇಪ್ಪತ್ತು ಮೀಟರಿಗೊಂದಾದವು.

ಈ ಹಾಳೆಗಳ ಸಂಖ್ಯೆಯಲ್ಲಿಯೇ ಅವುಗಳ ವಿಳಾಸವಿದೆ. ನಾಲ್ಕು ಡಿಗ್ರಿ ಅಕ್ಷಾಂಶ ಮತ್ತು ನಾಲ್ಕು ಡಿಗ್ರಿ ರೇಖಾಂಶದ ಚೌಕಕ್ಕೆ ಒಂದು ಸಂಖ್ಯೆಯನ್ನು ಕೊಟ್ಟು, ಅದನ್ನು ಎ ಇಂದ ಪಿ ವರೆಗಿನ ಹದಿನಾರು ಡಿಗ್ರಿ ಚೌಕಗಳಾಗಿ, ಅವುಗಳಲ್ಲಿ ಒಂದೊಂದನ್ನೂ ಮತ್ತೆ ಹದಿನಾರು ಹಾಳೆಗಳಾಗಿ ಒಡೆಯಲಾಗಿದೆ. ಹಳೆಯ ಮೈಸೂರಿನ ಬಹುಭಾಗ 57ರಲ್ಲಿಯೂ ಕರಾವಳಿ ಮತ್ತು ಮಲೆನಾಡಿನ ಬಹುಭಾಗ 48ರಲ್ಲಿಯೂ ಬರುವುದರಿಂದ, ಬೆಂಗಳೂರು ನಗರದ ಹಾಳೆ 57 ಎಚ್/9 ಆಗಿದೆ, ಮೈಸೂರು ಮತ್ತು ಶ್ರೀರಂಗಪಟ್ಟಣಗಳು 57 ಡಿ/11ರಲ್ಲಿವೆ, ಲಿಂಗನಮಕ್ಕಿ 48 ಜೆ/16ರಲ್ಲಿದೆ. ಒಂದೊಂದು ಹಾಳೆಯೂ ಉದ್ದಗಲ ಸುಮಾರು ಇಪ್ಪತ್ತೇಳು ಕಿಲೋಮೀಟರಿನ ನೆಲವನ್ನು, ಎಂದರೆ ಏಳುನೂರು ಚದರ ಕಿಲೋಮೀಟರಿಗಿಂತ ಹೆಚ್ಚಿನ ಪ್ರದೇಶವನ್ನು ಒಳಗೊಳ್ಳುತ್ತದೆ; ಒಂದು ಹೋಬಳಿಯ ಚರಿತ್ರೆಯನ್ನು ನೋಡುವವರಿಗೆ ಒಂದು ಅಥವಾ ಎರಡು ಹಾಳೆಗಳು ಸಾಕು.

ಕನ್ನಡ ನಾಡಿನ ಮಟ್ಟಿಗೆ ಈ ನಕ್ಷೆಗಳ ಹಿಂದಿನ ಕಥೆ 1799ರಿಂದ ಮೊದಲಾಗುತ್ತದೆ. ಆ ವರ್ಷದ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ನಂತರ, ಹೊಸದಾಗಿ ಗಡಿ ಗುರುತಿಸಿದ ಮೈಸೂರು ರಾಜ್ಯವನ್ನು ಅಳೆಯುವ ಕೆಲಸವನ್ನು ಕಂಪನಿ ಸರ್ಕಾರವು ಕಾಲಿನ್ ಮೆಕೆಂಜಿಗೆ ವಹಿಸಿತು. ಮೆಕೆಂಜಿ ನೆಲವನ್ನಷ್ಟೇ ಅಳೆಯದೆ, ಕಾವಲಿ ಬೊರಯ್ಯ ಮತ್ತು ಆತನ ತಮ್ಮ ಲಕ್ಷ್ಮಯ್ಯರಂತಹ ವಿದ್ವಾಂಸರ ನೆರವಿನಿಂದ ಊರೂರಿನ ಕೈಫಿಯತ್ತು, ಶಾಸನ, ವಂಶಾವಳಿಗಳನ್ನು ಬರೆಯಿಸಿ ಕೂಡಿಹಾಕಿದ. ಮುಂದೆ 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ನಕ್ಷೆ ಮತ್ತು ಚರಿತ್ರೆ ಇಲ್ಲಿ ಒಂದೇ ತಂಡದ ಕೈಯಲ್ಲಿ ಹುಟ್ಟಿದವು ಎಂಬುದು ಗಮನಿಸಬೇಕಾದ ಸಂಗತಿ, ಏಕೆಂದರೆ ನಂತರದ ಕಾಲದಲ್ಲಿ ಕೈಫಿಯತ್ತುಗಳು ಸಾಹಿತ್ಯ ಮತ್ತು ಇತಿಹಾಸದ ವಿದ್ಯಾರ್ಥಿಗಳ ಪಾಲಿಗೂ ನಕ್ಷೆಗಳು ಎಂಜಿನಿಯರುಗಳ ಪಾಲಿಗೂ ಹೋಗಿ, ಎರಡನ್ನೂ ಒಟ್ಟಿಗೆ ಓದುವವರು ವಿರಳರಾದರು. ಅದೇ ಹೊತ್ತಿಗೆ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದು, 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಮಹಾ ತ್ರಿಕೋನ ಸರ್ವೇಕ್ಷಣೆಗೆ ತೊಡಗಿದ. ಒಂದು ನೇರ ರೇಖೆಯ ಉದ್ದವನ್ನು ಸರಪಳಿಯಿಂದ ಅತ್ಯಂತ ನಿಖರವಾಗಿ ಅಳೆದು, ಅದರ ಎರಡು ತುದಿಗಳಿಂದ ದೂರದ ಬೆಟ್ಟದ ನೆತ್ತಿಗೆ ಕೋನ ಹಿಡಿದು, ತ್ರಿಕೋನದ ಉಳಿದ ಬಾಹುಗಳನ್ನು ಲೆಕ್ಕದಿಂದ ಪಡೆಯುತ್ತ ತ್ರಿಕೋನದಿಂದ ತ್ರಿಕೋನಕ್ಕೆ ಸಾಗುವುದು ಈ ಪದ್ಧತಿಯ ತಿರುಳು. ಬೆಟ್ಟದ ನೆತ್ತಿಯ ಮೇಲೆ ಸಣ್ಣ ತ್ರಿಕೋನ ಚಿಹ್ನೆಯೂ ಪಕ್ಕದಲ್ಲಿ ಎತ್ತರದ ಅಂಕಿಯೂ ಇರುವುದನ್ನು ಇಂದಿನ ಹಾಳೆಗಳಲ್ಲಿಯೂ ಕಾಣಬಹುದು.

ಇಷ್ಟನ್ನು ತಿಳಿದು 57 ಎಚ್/9 ಹಾಳೆಯನ್ನು ಎದುರಿಗಿಟ್ಟುಕೊಂಡರೆ, ಮೊದಲು ಕಣ್ಣಿಗೆ ಬೀಳಬೇಕಾದದ್ದು ಬೆಂಗಳೂರಿನ ಬೀದಿಗಳಲ್ಲ, ನಗರದ ನಡುವೆ ಸುಮಾರಾಗಿ ಉತ್ತರ ದಕ್ಷಿಣವಾಗಿ ಹಬ್ಬಿರುವ ದಿಣ್ಣೆ. ಈ ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆನೀರು ವೃಷಭಾವತಿಯ ಮೂಲಕ ಅರ್ಕಾವತಿಯನ್ನು, ಅಲ್ಲಿಂದ ಕಾವೇರಿಯನ್ನು ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳದ ಕಣಿವೆ ಅಥವಾ ಕೋರಮಂಗಲ–ಚಲ್ಲಘಟ್ಟ ಕಣಿವೆಯನ್ನು ಹಿಡಿದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ದೊಡ್ಡ ನದಿಯೊಂದೂ ಹತ್ತಿರದಲ್ಲಿಲ್ಲದ ಈ ದಿಣ್ಣೆಯ ಮೇಲೆ ಊರು ಬೆಳೆಯಬೇಕಾದರೆ ಮಳೆಯನ್ನು ಹಿಡಿದು ನಿಲ್ಲಿಸುವುದೊಂದೇ ಉಪಾಯವಾಗಿತ್ತು. ಹಳೆಯ ಹಾಳೆಯಲ್ಲಿ ಕಾಣುವ ಕೆರೆಗಳು ಒಂದೊಂದೂ ಇದಕ್ಕೆ ಸಾಕ್ಷಿಯಾಗಿದ್ದು, ಅವುಗಳ ಆಕಾರವೇ ನೀರಿನ ದಿಕ್ಕನ್ನು ಹೇಳುತ್ತದೆ. ಸಮೋನ್ನತಿ ರೇಖೆಗಳು ಮೇಲ್ಮುಖವಾಗಿ ಮೊನೆಮಾಡಿದ ಕಡೆ ಕಣಿವೆಗೆ ಅಡ್ಡಲಾಗಿ ಏರಿಯನ್ನು ದಪ್ಪ ಗೆರೆಯಲ್ಲಿ ಎಳೆದಿರುತ್ತಾರೆ; ಏರಿಯ ಪಕ್ಕದಲ್ಲಿ ಬರೆದ ಸಣ್ಣ ಅಂಕಿ ಸುತ್ತಲ ನೆಲದಿಂದ ಅದರ ಎತ್ತರ; ಏರಿಯಿಂದ ಮೇಲಕ್ಕೆ ಚಾಚಿ ಬಾಲದಂತೆ ಸಪೂರವಾಗುವ ನೀಲಿಯ ಭಾಗ ಕೆರೆಯಂಗಳ; ಏರಿಯ ಕೆಳಗಿನ ಹಳದಿ, ಅದರ ಮೇಲಿನ ತೆಂಗು ಅಡಕೆಯ ಚಿಹ್ನೆಗಳು ಅಚ್ಚುಕಟ್ಟು; ಏರಿಯ ಒಂದು ತುದಿಯಿಂದ ಹೊರಟು ಕೆಳಗಿನ ಇನ್ನೊಂದು ಕೆರೆಯ ಬಾಲವನ್ನು ಮುಟ್ಟುವ ತೆಳುವಾದ ನೀಲಿ ಗೆರೆ ಕೋಡಿಯ ಹಳ್ಳ. ಒಂದರ ಕೋಡಿ ಮತ್ತೊಂದರ ಅಂಗಳಕ್ಕೆ ಹೋಗುವ ಈ ಸಾಲುಕೆರೆಗಳ ಏರ್ಪಾಟನ್ನು ಬರಹದಲ್ಲಿ ಎಷ್ಟು ವಿವರಿಸಿದರೂ ಮನಸ್ಸಿಗೆ ಹತ್ತುವುದು ಕಷ್ಟ. ಹಾಳೆಯ ಮೇಲೆ ಮಡಿವಾಳ, ಅಗರ, ಬೆಳ್ಳಂದೂರು, ವರ್ತೂರುಗಳನ್ನು ಬೆರಳಿನಿಂದ ಅನುಸರಿಸಿದರೆ ಅದು ಕೂಡಲೇ ತಿಳಿಯುತ್ತದೆ.

ಈ ಸಾಲಿನಲ್ಲಿರುವ ಅಗರದಲ್ಲಿ ಒಂಬತ್ತನೆಯ ಶತಮಾನದ, ಗಂಗರ ಕಾಲದ ಶಾಸನವೊಂದಿದ್ದು, ಎರಡು ಕೆರೆಗಳಿಗೆ ತೂಬು ಇರಿಸಿ ಮೂರನೆಯದಾಗಿ ಮೂಡಣ ಕೆರೆಯನ್ನು ಕಟ್ಟಿಸಿದ ಸಂಗತಿಯನ್ನು ಅದು ದಾಖಲಿಸುತ್ತದೆ. ಎಪಿಗ್ರಾಫಿಯಾ ಕರ್ನಾಟಿಕದ ಪುಟದಲ್ಲಿ ಇದು ದಾನಶಾಸನಗಳ ನಡುವಿನ ಒಂದು ದಾಖಲೆ ಮಾತ್ರ. ಅದನ್ನು ನಕ್ಷೆಯ ಮೇಲಿಟ್ಟು ನೋಡಿದಾಗ, ಮೂಡಣ ದಿಕ್ಕು ಅಲ್ಲಿ ನೀರು ಹರಿದುಹೋಗುವ ದಿಕ್ಕೇ ಆಗಿರುವುದು ಕಾಣುತ್ತದೆ, ಮೇಲಿನ ಕೆರೆಗಳಲ್ಲಿ ತುಂಬಿ ಮಿಕ್ಕ ನೀರನ್ನು ಕೆಳಗೆ ಮತ್ತೊಮ್ಮೆ ಹಿಡಿಯುವ ಯೋಚನೆ ಆ ಕಾಲಕ್ಕಾಗಲೇ ಇತ್ತೆಂದು ಊಹಿಸಲು ಆಧಾರ ಸಿಗುತ್ತದೆ. ಬೆಂಗಳೂರಿನ ಹೆಸರನ್ನು ಹೇಳುವ ಪ್ರಸಿದ್ಧ ವೀರಗಲ್ಲಿರುವ ಬೇಗೂರು ಕೂಡ ಇದೇ ಕಣಿವೆಯ ಮೇಲ್ಭಾಗದ ಕೆರೆಯೂರು. ಕೆಂಪೇಗೌಡನು ಕೋಟೆ ಪೇಟೆಗಳನ್ನು ಕಟ್ಟುವುದಕ್ಕೆ ಆರೇಳು ಶತಮಾನಗಳ ಮೊದಲೇ ಈ ಇಳಿಜಾರಿನಲ್ಲಿ ಕೆರೆ ಕಟ್ಟಿ ಬದುಕುವ ಕ್ರಮವು ನೆಲೆಯೂರಿತ್ತು ಎಂಬುದಕ್ಕೆ ಶಾಸನ ಮತ್ತು ನಕ್ಷೆ ಎರಡೂ ಸೇರಿ ಕೊಡುವ ಪುರಾವೆಯು ಅವುಗಳಲ್ಲಿ ಯಾವುದೊಂದೂ ಒಂಟಿಯಾಗಿ ಕೊಡುವ ಪುರಾವೆಗಿಂತ ಗಟ್ಟಿಯಾದದ್ದು.

ಅಳಿದ ಕೆರೆಗಳ ವಿಷಯದಲ್ಲಿ ನಕ್ಷೆಯ ಮಾತು ಇನ್ನೂ ನೇರವಾಗಿದೆ. 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸನ ಸೇನೆ ಬೆಂಗಳೂರು ಕೋಟೆಯನ್ನು ಹಿಡಿದ ಸಂದರ್ಭದಲ್ಲಿ ತಯಾರಾದ ಮುತ್ತಿಗೆಯ ನಕ್ಷೆಯಿಂದ ಹಿಡಿದು ಇಪ್ಪತ್ತನೆಯ ಶತಮಾನದ ಮೊದಲ ಭಾಗದ ನಗರ ನಕ್ಷೆಗಳವರೆಗಿನ ಸಾಲನ್ನು ಕ್ರಮವಾಗಿ ನೋಡಿದರೆ, ಇಂದಿನ ಮೆಜೆಸ್ಟಿಕ್ ಬಸ್ ನಿಲ್ದಾಣದ ಜಾಗದಲ್ಲಿ ಧರ್ಮಾಂಬುಧಿ ಕೆರೆಯಿದ್ದದ್ದೂ, ಕಂಠೀರವ ಕ್ರೀಡಾಂಗಣದ ಸುತ್ತ ಸಂಪಂಗಿ ಕೆರೆಯಿದ್ದದ್ದೂ, ಅವು ಒಮ್ಮೆಲೇ ಮಾಯವಾಗದೆ ಮೊದಲು ಕುಗ್ಗಿ, ಬಳಿಕ ಬತ್ತಿ, ಕೊನೆಗೆ ಮೈದಾನಗಳೆಂದು ಗುರುತಾದದ್ದೂ ತಿಳಿಯುತ್ತದೆ. ಸಂಪಂಗಿ ಕೆರೆಯ ಕೆಳಗೆ ತಿಗಳರು ಹೂವು ತರಕಾರಿಗಳನ್ನು ಬೆಳೆಯುತ್ತಿದ್ದ ತೋಟಗಳಿದ್ದವು. ಕೆರೆಯ ಉಳಿಕೆಯಾದ ಪುಟ್ಟ ಕಲ್ಯಾಣಿಯು ಕರಗದ ಆಚರಣೆಯಲ್ಲಿ ಇಂದಿಗೂ ಸ್ಥಾನ ಪಡೆದಿದೆ. ತೋಟಗಳು ಹೋದ ಮೇಲೂ ತೋಟಗಾರರ ಹಬ್ಬವು ಹಳೆಯ ಕೆರೆಯ ಜಾಗವನ್ನು ಬಿಡದಿರುವುದರ ಕಾರಣವನ್ನು ಅರಿಯಲು ಆ ನಕ್ಷೆ ಬೇಕು. ಅಕ್ಕಿತಿಮ್ಮನಹಳ್ಳಿಯ ಕೆರೆ ಹಾಕಿ ಕ್ರೀಡಾಂಗಣವಾಯಿತು, ಶೂಲೆ ಕೆರೆ ಫುಟ್‌ಬಾಲ್ ಕ್ರೀಡಾಂಗಣವಾಯಿತು, ಚಲ್ಲಘಟ್ಟದ ಕೆರೆ ಗಾಲ್ಫ್ ಮೈದಾನವಾಯಿತು, ಕೋರಮಂಗಲದ ಕೆರೆಯ ನೆಲದ ಮೇಲೆ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕ್ರೀಡಾಗ್ರಾಮದ ವಸತಿ ಸಮುಚ್ಚಯ ಬಂತು. ನೀಲಿ ಬಣ್ಣವನ್ನು ಹೊಸ ಹಾಳೆಯಿಂದ ತೆಗೆದುಹಾಕಬಹುದು, ಕಂದು ಗೆರೆಯ ಬಾಗನ್ನು ತೆಗೆಯಲಾಗುವುದಿಲ್ಲ; 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಳ್ಳಂದೂರು ಮತ್ತು ಹೊರವರ್ತುಲ ರಸ್ತೆಯ ಸುತ್ತ ಬಡಾವಣೆಗಳಿಗೆ ನೀರು ನುಗ್ಗಿದಾಗ ಅದನ್ನು ಅನಿರೀಕ್ಷಿತವೆಂದು ವರ್ಣಿಸಿದವರು ಹಳೆಯ ಹಾಳೆಯನ್ನು ತೆರೆದು ನೋಡಿದ್ದರೆ ಆ ಮಾತನ್ನು ಆಡುವುದು ಕಷ್ಟವಾಗುತ್ತಿತ್ತು.

ಟೋಪೋಶೀಟಿನ ಚಿಹ್ನೆಗಳ ಪಟ್ಟಿಯಲ್ಲಿ ಸ್ಥಳೀಯ ಚರಿತ್ರೆಗೆ ನೇರವಾಗಿ ಒದಗುವ ಇನ್ನೂ ಕೆಲವಿವೆ. ಜನವಸತಿಯಿರುವ ಊರಿಗೂ ಪಾಳುಬಿದ್ದ ಊರಿಗೂ ಬೇರೆ ಬೇರೆ ಗುರುತುಗಳಿವೆ. ಕಂದಾಯ ಭಾಷೆಯಲ್ಲಿ ಬೇಚಿರಾಕ್ ಎನ್ನಲಾಗುವ ಇಂತಹ ಗ್ರಾಮಗಳನ್ನು ಹಾಳೆಯಲ್ಲಿ ಹುಡುಕಿ, ಅವುಗಳ ಗುಡಿ, ಹಾಳುಬಾವಿ, ಒಡೆದ ಏರಿಗಳನ್ನು ಗುರುತಿಸಿದರೆ, ಮೈಸೂರು ಸಂಸ್ಥಾನದ ಜನರಲ್ಲಿ ಸುಮಾರು ಐದರಲ್ಲೊಂದು ಪಾಲನ್ನು ಕಳೆದ 1876–78ರ ಬರ, ಆ ಬಳಿಕ ಬಂದ ಪ್ಲೇಗು, ಕೆರೆ ಒಡೆದು ನೀರು ತಪ್ಪಿದ್ದು ಇವುಗಳಲ್ಲಿ ಯಾವುದು ಯಾವ ಊರನ್ನು ಬರಿದು ಮಾಡಿತೆಂಬ ವಿಚಾರಣೆಗೆ ದಾರಿಯಾಗುತ್ತದೆ. ಗಾಡಿದಾರಿ, ಕಾಲುದಾರಿ, ಹೇರೆತ್ತು ಸಾಗುವ ದಾರಿ ಮತ್ತು ಘಟ್ಟದ ಕಣಿವೆಗಳಿಗೆ ಪ್ರತ್ಯೇಕ ಚಿಹ್ನೆಗಳಿರುವುದರಿಂದ, ಕರಾವಳಿಯ ಉಪ್ಪು ಮೇಲಕ್ಕೂ ಮಲೆನಾಡಿನ ಅಕ್ಕಿ, ಅಡಕೆ, ಮೆಣಸು ಕೆಳಕ್ಕೂ ಸಾಗಿದ ಹಾದಿಗಳನ್ನು ಡಾಂಬರು ರಸ್ತೆ ಬರುವುದಕ್ಕೆ ಮುಂಚಿನ ರೂಪದಲ್ಲಿ ಕಾಣಬಹುದು. ಹೆಸರುಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ಹಳೆಯ ಹಾಳೆಯಲ್ಲಿ ರಾಮನಗರ ಸಿಗುವುದಿಲ್ಲ, ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರಿನ ಕ್ಲೋಸ್‌ಪೇಟೆ ಸಿಗುತ್ತದೆ, ಪಾಂಡವಪುರದ ಜಾಗದಲ್ಲಿ ಫ್ರೆಂಚ್ ರಾಕ್ಸ್ ಇರುತ್ತದೆ, ಕೃಷ್ಣರಾಜಪೇಟೆಯ ಜಾಗದಲ್ಲಿ ಅತ್ತಿಕುಪ್ಪೆ.

ಮುಳುಗಡೆಯ ಸೀಮೆಗಳಲ್ಲಿ ಹಳೆಯ ನಕ್ಷೆಯ ಬೆಲೆ ಬೇರೆಯೇ ಆದದ್ದು, ಏಕೆಂದರೆ ಅಲ್ಲಿ ನೆಲಕ್ಕೆ ಹೋಗಿ ನೋಡುವ ಅವಕಾಶವೇ ಉಳಿದಿಲ್ಲ. ಕಾವೇರಿಗೆ ಅಡ್ಡಲಾಗಿ 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರವನ್ನು ಜನರು ಇಂದಿಗೂ ಕನ್ನಂಬಾಡಿ ಕಟ್ಟೆ ಎನ್ನುತ್ತಾರೆ, ಆದರೆ ಆ ಹೆಸರಿನ ಮೂಲ ಊರು ನೀರಿನೊಳಗಿದೆ. ಶರಾವತಿ ಕಣಿವೆಯಲ್ಲಿ ಇದು ಎರಡು ಸಲ ನಡೆಯಿತು. ಜೋಗದ ವಿದ್ಯುತ್ ಯೋಜನೆಗಾಗಿ 1940ರ ದಶಕದಲ್ಲಿ ಕಟ್ಟಿದ, ಮಡೆನೂರು ಅಣೆಕಟ್ಟೆಂದೂ ಹೆಸರಾದ ಹಿರೇಭಾಸ್ಕರ ಅಣೆಕಟ್ಟು ಮೊದಲು ಒಂದಷ್ಟು ಕಣಿವೆಯನ್ನು ಮುಳುಗಿಸಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಹಿರೇಭಾಸ್ಕರವೇ ಹಿನ್ನೀರಿನಲ್ಲಿ ಮುಳುಗಿ, ಈಗ ಕಡುಬೇಸಗೆಯಲ್ಲಿ ನೀರು ತೀರ ಇಳಿದ ವರ್ಷಗಳಲ್ಲಿ ಮಾತ್ರ ತಲೆಯೆತ್ತುತ್ತದೆ. ಹೀಗಾಗಿ ಅಲ್ಲಿ ಹರಿವ ಹೊಳೆಯ ದಡದ ಗದ್ದೆ ತೋಟಗಳ ಕಾಲ, ಚಿಕ್ಕ ಜಲಾಶಯದ ಕಾಲ, ದೊಡ್ಡ ಜಲಾಶಯದ ಕಾಲ ಎಂಬ ಮೂರು ಪದರಗಳಿದ್ದು, ಒಂದೇ ಹಾಳೆಯನ್ನು ಆಧರಿಸಿದವರು ಒಂದು ಪದರವನ್ನಷ್ಟೇ ಕಂಡಂತಾಗುತ್ತದೆ. ಹಿನ್ನೀರಿನಲ್ಲಿ ಇಂದು ನಡುಗಡ್ಡೆಗಳೆಂದು ಕಾಣುವವು ಹಳೆಯ ನಕ್ಷೆಯಲ್ಲಿ ಗುಡ್ಡದ ನೆತ್ತಿಗಳು. ಅವುಗಳ ಬುಡದಲ್ಲಿ ಊರುಗಳಿದ್ದವು, ಊರಿಂದೂರಿಗೆ ದಾರಿಗಳಿದ್ದವು, ದಾರಿಗಳಿದ್ದುದರಿಂದಲೇ ಇಂದು ದೂರವಾಗಿರುವ ಎರಡು ದಡಗಳ ಮನೆಗಳ ನಡುವೆ ನಂಟಸ್ತಿಕೆಗಳಿದ್ದವು. ನಾ. ಡಿಸೋಜರ ‘ದ್ವೀಪ’ ಕಾದಂಬರಿ ಆ ಬದುಕಿನ ಸಂಕಟವನ್ನು ಓದುಗರ ಎದೆಗೆ ತಲುಪಿಸಿತು. ಮುಳುಗಿದ ಗ್ರಾಮಗಳ ಗದ್ದೆಬಯಲು, ಹಳ್ಳ, ದೇವಸ್ಥಾನಗಳನ್ನು ಒಂದೊಂದಾಗಿ ಗುರುತಿಸಿ ಪಟ್ಟಿಮಾಡುವ ಕೆಲಸವೂ ಅಷ್ಟೇ ಅಗತ್ಯವಾದದ್ದು. ಅಲ್ಲಿಂದೆದ್ದು ಬಂದ ಕುಟುಂಬಗಳ ಭೂಮಿಯ ಹಕ್ಕಿನ ಪ್ರಶ್ನೆ ಇನ್ನೂ ಬಗೆಹರಿಯದೆ ಇರುವಾಗ ಅದನ್ನು ಬರಿಯ ಹಳೆಯ ನೆನಪಿನ ಕೆಲಸವೆಂದು ತಳ್ಳಿಹಾಕಲಾಗದು.

ಟೋಪೋಶೀಟಿಗೆ ತಾನೇ ಹೇಳಲಾಗದ ಸಂಗತಿಗಳೂ ಇವೆ. ಒಂದಿಂಚಿನ ಹಾಳೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ ಅರವತ್ತಮೂರು ಮೀಟರಿಗೂ ಹೆಚ್ಚು, ಆದ್ದರಿಂದ ರಸ್ತೆಯ ಅಥವಾ ರಾಜಕಾಲುವೆಯ ಅಗಲವನ್ನು ಅದರಿಂದ ಅಳೆಯಲು ಹೋಗುವುದು ವ್ಯರ್ಥ. ಅಲ್ಲಿ ಗೆರೆಯ ದಪ್ಪ ಚಿಹ್ನೆಯೇ ಹೊರತು ಅಳತೆಯಲ್ಲ. ಅಂತಹ ವಿವರಕ್ಕೆ ಕಂದಾಯ ಇಲಾಖೆಯ ಗ್ರಾಮ ನಕ್ಷೆಗಳಿಗೆ ಹೋಗಬೇಕು. ಮೈಸೂರು ಸೀಮೆಯಲ್ಲಿ 1860ರ ದಶಕದಲ್ಲಿ ಆರಂಭವಾದ ಕಂದಾಯ ಮೋಜಣಿಯ ಪರಂಪರೆಯಲ್ಲಿ ಬೆಳೆದು ಬಂದ, ಸಾಮಾನ್ಯವಾಗಿ 1:7,920 ಪ್ರಮಾಣದ ಈ ನಕ್ಷೆಗಳಲ್ಲಿ ಒಂದೊಂದು ಸರ್ವೆ ನಂಬರಿನ ಗಡಿಯೂ, ಕೆರೆ, ಹಳ್ಳ, ಬಂಡಿದಾರಿ, ಗುಂಡುತೋಪುಗಳೂ ಇರುತ್ತವೆ. ಆಕಾರ್‌ಬಂದ್ ಎಂಬ ಪಟ್ಟಿಯಲ್ಲಿ ಅವುಗಳ ವಿಸ್ತೀರ್ಣವೂ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಬಿ ಖರಾಬಿನ ಲೆಕ್ಕವೂ ಸಿಗುತ್ತದೆ. ಗ್ರಾಮ ನಕ್ಷೆಯಲ್ಲಿ ಇಳಿಜಾರಿಲ್ಲ, ಟೋಪೋಶೀಟಿನಲ್ಲಿ ಒಡೆತನವಿಲ್ಲ. ನೀರು ಎಲ್ಲಿ ಹರಿಯಬೇಕಿತ್ತು ಎಂಬುದನ್ನು ಒಂದರಿಂದಲೂ, ಆ ನೆಲ ಯಾವಾಗ ಯಾರ ಲೆಕ್ಕಕ್ಕೆ ಹೋಯಿತು ಎಂಬುದನ್ನು ಇನ್ನೊಂದರಿಂದಲೂ ತಿಳಿಯಬೇಕಾಗಿದ್ದು, ಕೆರೆ ಒತ್ತುವರಿಯ ವಿಚಾರದಲ್ಲಿ ಎರಡನ್ನೂ ಜೋಡಿಸದೆ ತೀರ್ಮಾನಕ್ಕೆ ಬರುವುದು ಸರಿಯಲ್ಲ.

ಜೋಡಿಸುವ ಕೆಲಸ ಈಗ ಗಣಕಯಂತ್ರದಿಂದ ಸುಲಭವಾಗಿದೆ. ಹಳೆಯ ಹಾಳೆಯನ್ನು ಸ್ಕ್ಯಾನ್ ಮಾಡಿ, ಅದರಲ್ಲಿಯೂ ಇಂದಿನ ಉಪಗ್ರಹ ಚಿತ್ರದಲ್ಲಿಯೂ ಬದಲಾಗದೆ ಉಳಿದಿರುವ ಹಳೆಯ ದೇವಸ್ಥಾನ, ರೈಲು ಸೇತುವೆ, ಬೆಟ್ಟದ ನೆತ್ತಿ, ಕೆರೆ ಏರಿಯ ತುದಿ ಮೊದಲಾದ ಬಿಂದುಗಳನ್ನು ಸರಿಹೊಂದಿಸಿ, ಕ್ಯೂಜಿಐಎಸ್‌ನಂತಹ ಉಚಿತ ತಂತ್ರಾಂಶದಲ್ಲಿ ಒಂದರ ಮೇಲೊಂದನ್ನು ಕೂರಿಸಬಹುದು. ಇಲ್ಲಿ ಹೊಸಬರು ಎಡವುವ ಒಂದು ಜಾಗವಿದೆ. ಹಳೆಯ ಹಾಳೆಗಳ ಅಕ್ಷಾಂಶ ರೇಖಾಂಶಗಳು ಜಾರ್ಜ್ ಎವರೆಸ್ಟ್ 1830ರಲ್ಲಿ ಲೆಕ್ಕಹಾಕಿದ ಭೂಮಿಯ ಆಕಾರವನ್ನು ಆಧರಿಸಿದ್ದರೆ, ಇಂದಿನ ಜಿಪಿಎಸ್ ಬೇರೊಂದು ಲೆಕ್ಕವನ್ನು ಬಳಸುತ್ತದೆ; ಅಂಚಿನಲ್ಲಿ ಮುದ್ರಿತವಾದ ಅಂಕಿಗಳನ್ನು ಹಾಗೆಯೇ ಒಪ್ಪಿಕೊಂಡರೆ ಊರು ನೂರಿನ್ನೂರು ಮೀಟರ್ ಪಕ್ಕಕ್ಕೆ ಸರಿದು, ಕೆರೆಯು ಪಕ್ಕದವರ ಹೊಲದಲ್ಲಿ ಬಂದು ಕೂರುತ್ತದೆ. ಇದಕ್ಕಿಂತ ಮುಖ್ಯವಾದದ್ದು ಹಾಳೆಯ ಅಂಚಿನ ಟಿಪ್ಪಣಿಯನ್ನು ಓದುವುದು. ಮುದ್ರಣದ ವರ್ಷ ಒಂದು, ಮೋಜಣಿಯ ವರ್ಷ ಮತ್ತೊಂದು, ರಸ್ತೆ ರೈಲುಗಳನ್ನಷ್ಟೇ ತಿದ್ದಿ ಮರುಮುದ್ರಿಸಿದ ವರ್ಷ ಇನ್ನೊಂದು ಇರುವುದುಂಟು; ಹೊಸ ರಸ್ತೆಯ ಪಕ್ಕದಲ್ಲಿ ಕೆರೆಯೊಂದು ಕಂಡಿತೆಂದು ರಸ್ತೆ ಬಂದ ವರ್ಷವೂ ಆ ಕೆರೆಯಲ್ಲಿ ನೀರಿತ್ತೆಂದು ಬರೆಯುವುದು ಸ್ಥಳೀಯ ಚರಿತ್ರೆಯ ಬರಹಗಳಲ್ಲಿ ಸುಲಭವಾಗಿ ನುಸುಳುವ ತಪ್ಪು.

ನಕ್ಷೆಗಳು ಕೈಗೆ ಸಿಗುವ ಬಗೆಯೂ ಬದಲಾಗಿದೆ. ಗಡಿ ಮತ್ತು ಕಡಲತೀರದಿಂದ ಎಂಬತ್ತು ಕಿಲೋಮೀಟರ್ ಒಳಗಿನ ಹಾಳೆಗಳು ದೀರ್ಘಕಾಲ ನಿರ್ಬಂಧಿತವಾಗಿದ್ದುದರಿಂದ, ಕರಾವಳಿಯ ಮತ್ತು ಘಟ್ಟದ ಸೀಮೆಯ ವಿದ್ಯಾರ್ಥಿಗೆ ತನ್ನ ಊರಿನ ನಕ್ಷೆಯೇ ಎಟುಕುತ್ತಿರಲಿಲ್ಲ. ಆ ಜಿಲ್ಲೆಗಳ ಸ್ಥಳೀಯ ಇತಿಹಾಸ ಬರಹಗಳಲ್ಲಿ ಭೂಗೋಳದ ಅಂಶ ಬಡವಾಗಿರುವುದಕ್ಕೆ ಇದೂ ಒಂದು ಕಾರಣವಾಗಿರಬೇಕು. 2005ರ ರಾಷ್ಟ್ರೀಯ ನಕ್ಷಾ ನೀತಿಯು ರಕ್ಷಣಾ ಮಾಲೆಯನ್ನು ಬೇರ್ಪಡಿಸಿ ಸಾರ್ವಜನಿಕರಿಗಾಗಿ ಮುಕ್ತ ಮಾಲೆಯನ್ನು ತಂದಿತು, 2017ರಿಂದ ಆ ಮಾಲೆಯ ಹಾಳೆಗಳನ್ನು ಭಾರತೀಯ ಸರ್ವೇಕ್ಷಣಾ ಇಲಾಖೆಯು ಅಂತರಜಾಲದಲ್ಲಿ ಉಚಿತವಾಗಿ ಕೊಡತೊಡಗಿತು, 2021ರ ಮಾರ್ಗಸೂಚಿಗಳು ನಿರ್ಬಂಧಗಳನ್ನು ಇನ್ನಷ್ಟು ಸಡಿಲಿಸಿದವು. ಇವೆಲ್ಲ ಹೊಸ ಹಾಳೆಗಳು. ಹಳೆಯವುಗಳಿಗಾಗಿ ಅಮೆರಿಕದ ಸೇನಾ ನಕ್ಷಾ ವಿಭಾಗವು 1950ರ ದಶಕದಲ್ಲಿ ಭಾರತೀಯ ಸರ್ವೇಕ್ಷಣೆಯನ್ನೇ ಆಧರಿಸಿ 1:2,50,000 ಪ್ರಮಾಣದಲ್ಲಿ ತಯಾರಿಸಿದ ಮಾಲೆಯನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ಜಾಲತಾಣದಲ್ಲಿ ನೋಡಬಹುದು; ಒಂದಿಂಚಿನ ಹಾಳೆಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ತಮ್ಮ ಹೋಬಳಿಯ ನೂರು ವರ್ಷದ ಹಿಂದಿನ ನಕ್ಷೆಗಾಗಿ ಕನ್ನಡಿಗರು ಹೊರದೇಶದ ಗ್ರಂಥಾಲಯಗಳತ್ತ ನೋಡಬೇಕಾದ ಸ್ಥಿತಿ ಹೋಗಬೇಕಾದರೆ, ನಮ್ಮ ಕಾಲೇಜು ಮತ್ತು ಸರ್ಕಾರಿ ಕಚೇರಿಗಳ ಬೀರುಗಳಲ್ಲಿ ಮಡಿಕೆಯ ಗುರುತಿನಲ್ಲಿಯೇ ಹರಿಯುತ್ತಿರುವ ಪ್ರತಿಗಳನ್ನು ಹುಡುಕಿ, ಅಂಚಿನ ಟಿಪ್ಪಣಿಗಳ ಸಹಿತ ಪೂರ್ಣವಾಗಿ ಸ್ಕ್ಯಾನ್ ಮಾಡಿ, ಎಲ್ಲರಿಗೂ ತೆರೆದಿಡುವುದು ಮೊದಲು ಆಗಬೇಕು.

ಹಾಗೆ ದೊರೆತ ಹಾಳೆಯನ್ನು ಹಿಡಿದು ಊರಿಗೆ ಹೋದಾಗ, ಅದರಲ್ಲಿ ಬಿಟ್ಟುಹೋದದ್ದನ್ನು ಬರೆದುಕೊಳ್ಳುವ ಕೆಲಸ ಮೊದಲಾಗುತ್ತದೆ. ಸೇನೆಯ ನಡೆ, ಆಡಳಿತ ಮತ್ತು ಕಂದಾಯದ ಅಗತ್ಯಗಳಿಗಾಗಿ ಮಾಡಿದ ಮೋಜಣಿಯು ಕುಡಿಯುವ ನೀರಿನ ಬಾವಿಯನ್ನೂ ಬಂಗಲೆಯನ್ನೂ ತಂಗುವ ಬಯಲನ್ನೂ ಎಚ್ಚರದಿಂದ ಗುರುತಿಸಿತು. ಊರಿನ ಯಾವ ಕೇರಿಯವರು ಯಾವ ಬಾವಿಯಿಂದ ನೀರು ಸೇದಬಹುದಿತ್ತು, ತೂಬನ್ನು ಎತ್ತುವ ಹಕ್ಕಿದ್ದ ನೀರಗಂಟಿಯ ಮನೆ ಎಲ್ಲಿತ್ತು, ಗೋಮಾಳದ ಯಾವ ಬದಿಯಲ್ಲಿ ಯಾರ ದನ ಮೇಯುತ್ತಿದ್ದವು ಎಂಬುದನ್ನು ಅದು ಕೇಳಲಿಲ್ಲ. ಹಳ್ಳದ ಪ್ರತಿ ತಿರುವಿಗೂ, ಗದ್ದೆಯ ಪ್ರತಿ ಬಯಲಿಗೂ ಊರಿನವರ ಬಾಯಲ್ಲಿ ಒಂದೊಂದು ಹೆಸರಿದ್ದು, ಅವುಗಳಲ್ಲಿ ಬಹುಪಾಲು ಯಾವ ನಕ್ಷೆಯಲ್ಲಿಯೂ ಮುದ್ರಣವಾಗಿಲ್ಲ. ಅವುಗಳನ್ನು ಬಲ್ಲ ತಲೆಮಾರು ಇರುವಾಗಲೇ, ಹಾಳೆಯ ದೊಡ್ಡದಾದ ಪ್ರತಿಯ ಮೇಲೆ ಸರಿಯಾದ ಜಾಗದಲ್ಲಿ, ಹೇಳಿದವರ ಉಚ್ಚಾರಣೆಯಲ್ಲಿಯೇ, ಬರೆದ ದಿನಾಂಕದೊಡನೆ ದಾಖಲಿಸಬೇಕು.